ಹನ್ನೊಂದು ಫಾರ್ಮಿಗೆ ಒಂದ ಖಾನೆ

"ದಿನಾ ಎಂಟ ತಾಸು ಆ ಕಂಪ್ಯೂಟರ್ ಮುಂದ ಕೂತು ಏನರ ಮಾಡ್ತೀಯವಾ?" ಅಂತ ಬೆಳಗಾವಿ ಮೌಶಿ ಕೇಳಿದಾಗೆಲ್ಲಾ ನಾ "ಜಾವಾ" ಅಂತೀನಿ, ಅಕಿ "ಹೂಂ" ಅಂತಾಳ, ಮಾತು ಹಪ್ಪಳಕ್ಕ ಹೊಳ್ಳತದ. ಈ ಸಲ ಪೂರಾ ಹೇಳೇ ಬಿಡ್ತೀನಿ, ಯಾಕಂದ್ರ ಇದರಾಗ ನಮ್ಮ ಗದಗ ಮೌಶೀದೂ ಒಂದ ಪಾಲ ಅದ.

ಒಂದ ಪತ್ತಿನ ಸಂಘಕ್ಕ ನಮ್ಮ ಆಫೀಸಿನವರು ವೆಬ್ ಅಪ್ಲಿಕೇಶನ್ ಮಾಡಿ ಕೊಟ್ಟಾರ. ಖಾತೆ ತೆಗಿಯೂದು, ಠೇವಣಿ, ಬಂಗಾರದ ಸಾಲ, ನಾಮಿನಿ, ಹಿಂಗ ಹನ್ನೊಂದು ಫಾರ್ಮು. ಹನ್ನೊಂದರಾಗೂ "ತಂದೆ/ಗಂಡನ ಹೆಸರು" ಅಂತ ಒಂದ ಖಾನೆ, ಬಾಜೂಕ ಕೆಂಪು ಚುಕ್ಕಿ. ತುಂಬಲಿಲ್ಲಂದ್ರ ಫಾರ್ಮು ಮುಂದ ಸರಿಯಂಗಿಲ್ಲ. ನಾ ಸೇರೂಕ್ಕಿಂತ ಮೊದಲ ಯಾರೋ ಒಂದ ಕಡೆ ಬರದು ಉಳದ ಹತ್ತು ಕಡೆ ಕಾಪಿ ಹೊಡದಿದ್ರು. ಆಮ್ಯಾಲ ಯಾರೋ ತಕರಾರ ಮಾಡಿದ್ದಕ್ಕ ಖಾತೆ ಫಾರ್ಮಿನ್ಯಾಗ ಅಷ್ಟ ಆ ಕಡ್ಡಾಯ ತಗದಿದ್ರು.

ಗದಗ ಮೌಶಿ ಸಿಕ್ಕಿದ್ದು ಇಲ್ಲೇ. ಖಾತೆ ಆರಾಮ ಆತು, ಠೇವಣಿಗೆ ಬಂದಾಗ ಕಂಪ್ಯೂಟರ್ ನಿಂತ ಬಿಟ್ಟತು. ಕಾಕಾ ಮನಿ ಬಿಟ್ಟು ಹೋಗಿ ಇಪ್ಪತ್ತ ವರ್ಷ ಮ್ಯಾಲ ಆತು, ಅವನ ಹೆಸರ ಹೇಳಲಿಕ್ಕೆ ಅಕಿ ಒಲ್ಲೆ ಅಂದ್ಲು. ಕೌಂಟರಿನಾಂವ "ಏನರ ಒಂದ ಹೆಸರ ಹೇಳ್ರೀ ಅಮ್ಮಾ, ಕಂಪ್ಯೂಟರ್ ಕೇಳ್ತದ" ಅಂದನಂತ. ಅಕಿ ರೊಕ್ಕದ ಚೀಲಾ ಹಂಗ ಹಿಡಕೊಂಡು ಮನಿಗೆ ಬಂದ್ಲು. ಕಂಪ್ಯೂಟರ್ ಏನೂ ಕೇಳಂಗಿಲ್ರಿ. ಬರದವರು ಕೇಳಿರತಾರ.

ಚುಕ್ಕಿ ತಗಿಯೂದು ಎರಡ ಮಿನಿಟಿನ ಕೆಲಸ. ಆದ್ರ ಹತ್ತು ಕಡೆ ತಗದು, ನಾಳೆ ಹನ್ನೆರಡನೇ ಫಾರ್ಮು ಬಂದಾಗ ಮತ್ತ ಹಳೇದನ್ನ ಕಾಪಿ ಹೊಡದ್ರ? ಅದಕ್ಕ ಆ ಖಾನೇನ ಒಂದ ಕಡೆ ಮಾಡಿಟ್ಟು ಎಲ್ಲಾ ಕಡೆ ಅದನ್ನ ಕರಿಯೂದು ಅಂತ ಠರಾಯಿಸಿದೆ. ನಮ್ಮದು ಜಾವಾ ಸರ್ವರ್ ಫೇಸಸ್ ಮ್ಯಾಲ ನಡಿಯೂದು. (ಈಗ ಅದಕ್ಕ ಜಕಾರ್ತಾ ಫೇಸಸ್ ಅಂತ ಹೆಸರಾಗೇದ. ಮದವಿ ಆಗದನೂ ಹೆಸರ ಬದಲಾಗತದ ನೋಡ್ರಿ.) ಮೊದಲ ಇಂಥಾ ಸ್ವಂತದ ಖಾನೆ ಬೇಕಂದ್ರ ಒಂದ ಜಾವಾ ಕ್ಲಾಸು, ಅದರ ಟ್ಯಾಗಿಗೆ ಇನ್ನೊಂದು, ಮ್ಯಾಲ ಎಕ್ಸ್‌ಎಂಎಲ್‌ನ್ಯಾಗ ನೋಂದಣಿ, ಸಾಕಾಗತಿತ್ತು. 2009ರಾಗ 2.0 ಬಂದ ಮ್ಯಾಲ ಹಗರ ಆತು. "ರಿಸೋರ್ಸಸ್" ಫೋಲ್ಡರಿನ ಒಳಗ ಇನ್ನೊಂದ ಫೋಲ್ಡರ್ ಮಾಡಿ ಒಂದ ಫೈಲ್ ಇಟ್ಟರ ಮುಗೀತು, ಫೈಲಿನ ಹೆಸರ ಟ್ಯಾಗಿನ ಹೆಸರ ಆಗತದ. ಇದಕ್ಕ ಕಾಂಪೋಸಿಟ್ ಕಾಂಪೊನೆಂಟ್ ಅಂತಾರ.

ಆ ಫೈಲಿನ್ಯಾಗ ಎರಡ ಭಾಗ. ಇಂಟರ್‌ಫೇಸ್ ಅಂದ್ರ ಕರಿಯೋ ಪೇಜಿನವರು ಏನೇನ ಕೊಡಬೇಕು ಅನ್ನೂದು, ಇಂಪ್ಲಿಮೆಂಟೇಶನ್ ಅಂದ್ರ ತೆರಿ ಮ್ಯಾಲ ಏನ ಕಾಣತದ ಅನ್ನೂದು. ಅವ್ವನ ಸಾರಿನಪುಡಿ ನೆನಪ ಮಾಡಕೋರಿ. ಕೊತ್ತಂಬರಿ, ಜೀರಗಿ, ಮೆಂತ್ಯ, ಇಂಗು ಎಲ್ಲಾ ಹುರದು ಕುಟ್ಟಿ ಅಕಿನ ಕಳಸತಾಳ, ಉಪ್ಪ ಮಾತ್ರ ಹಾಕಂಗಿಲ್ಲ. ಉಪ್ಪು ಸಾರ ಮಾಡಾಕಿ ಕೈಯಾಗಿಂದು. ನಂದೂ ಹಂಗ, ಖಾನೆಗೆ ಏನ ಶೀರ್ಷಿಕೆ, ತುಂಬಿದ ಹೆಸರ ಯಾವ ಬೀನಿನ್ಯಾಗ ಕೂಡಬೇಕು (ಜಾವಾದ ಬೀನು, ಪಲ್ಯದ್ದಲ್ಲ), ಇವೆರಡು ಪೇಜಿಗೆ ಬಿಟ್ಟೆ.

ಜಗಳ ಆಗಿದ್ದು ಮೂರನೇದಕ್ಕ. ಬಾಜೂ ಕುರ್ಚಿ ಹುಡುಗ "ಮೇಡಂ, ಕಡ್ಡಾಯ ಹೌದೋ ಅಲ್ಲೋ ಅನ್ನೂದನ್ನೂ ಪೇಜಿಗೇ ಬಿಡ್ರಿ, ಪುಸ್ತಕದಾಗ ಹಂಗ ಹೇಳ್ಯಾರ" ಅಂದ. ಒಲ್ಲೆ ಅಂದೆ. ಅದನ್ನ ಹೊರಗ ಬಿಟ್ಟರ ನಾಳೆ ಯಾರೋ ಒಬ್ಬಾಂವ ಒಂದ ಪೇಜಿನ್ಯಾಗ ಹೌದು ಅಂತ ಬರೀತಾನ, ಮತ್ತ ಇನ್ನೊಬ್ಬಾಕಿ ಚೀಲಾ ಹಿಡಕೊಂಡು ಮನಿಗೆ ಹೋಗತಾಳ. ಕಡ್ಡಾಯ ಅಲ್ಲ ಅನ್ನೂದು ಒಳಗ ಕೂತತು. ಅದರ ಜೋಡಿ ಒಂದ ಪಟ್ಟಿನೂ: ತಾಯಿ, ತಂದೆ, ಗಂಡ, ಹೆಂಡತಿ, ಪಾಲಕರು. ಮ್ಯಾನೇಜರು "ಎಲ್ಲಾ ಕಡೆ ತಂದಿ-ಗಂಡನ ಹೆಸರ ಕೇಳ್ತಾರಲ್ರಿ" ಅಂತ ರಾಗ ತಗದ್ರು. ಪ್ಯಾನ್ ಕಾರ್ಡಿನವರೇ 2018ರ ಡಿಸೆಂಬರಿಂದ, ತಾಯಿ ಒಬ್ಬಾಕಿನ ಇದ್ದ ಮನಿ ಮಕ್ಕಳಿಗೆ ತಂದಿ ಹೆಸರು ಕಡ್ಡಾಯ ಅನ್ನೂದು ಬಿಟ್ಟಾರ ಅಂತ ತೋರಿಸಿದೆ. ಸಂಘದವರನ್ನ ಕೇಳಿ, ಅವರೂ ಹೂಂ ಅಂದ್ರು.

ನಾಮಿನಿ ಫಾರ್ಮಿನ್ಯಾಗ ಈ ಖಾನೆ ಎರಡ ಸಲ ಬರತದ, ಖಾತೇದಾರರಿಗೆ ಒಂದು, ನಾಮಿನಿಗೆ ಒಂದು. ಒಂದ ಪೇಜಿನ್ಯಾಗ ಒಂದ ಗುರುತು ಎರಡಕ್ಕ ಇರಂಗಿಲ್ಲಲಾ, ಅದಕ್ಕ ಒಳಗಿನ ಗುರುತಿನ ಮುಂದ ಹೊರಗಿನ ಗುರುತು ತಾನ ಹತ್ತತದ. ಬೆಳಗಾವಿ ಮೌಶಿ, ಗದಗ ಮೌಶಿ ಅಂತ ನಾವು ಕರಿಯೂದಿಲ್ಲೇನು, ಹಂಗ.

ನಾಕ ದಿನದಾಗ ಹನ್ನೊಂದೂ ಬದಲಾತು. ಪೇಜಿಗೆ ಇಪ್ಪತ್ತ ಸಾಲ ಇದ್ದಲ್ಲೆ ಈಗ ಒಂದ ಸಾಲ.

ಮೌಶಿ ಸೋಮವಾರ ಮತ್ತ ಹೋದ್ಲು. ಪಟ್ಟಿ ತಗದು ಕೌಂಟರಿನಾಂವ ಕೇಳಿದ್ದಕ್ಕ "ತಾಯಿ" ಅಂದು ಅಜ್ಜಿ ಹೆಸರ ಹೇಳಿ, ಠೇವಣಿ ಪಾವತಿ ಫೋಟೋ ತಗದು ನಂಗ ಕಳಿಸ್ಯಾಳ. ರೇಶನ್ ಕಾರ್ಡ್ ಬಿಟ್ಟರ ಅಜ್ಜಿ ಹೆಸರು ಛಾಪಾ ಆಗಿದ್ದು ನಾ ಎಲ್ಲೂ ನೋಡಿದ್ದಿಲ್ಲ. ಮುಂದಿನ ತಿಂಗಳ ವಿಳಾಸದ ಖಾನೆಗೆ ಕೈ ಹಾಕಬೇಕು, ಅದು ಏಳ ಕಡೆ ಅದ.