ಬೀಗ ಕೆಟ್ಟಿರಲಿಲ್ಲ

ಮುಂಗಾರಿಗೆ ಮುಂಚಿನ ಒಂದು ಸಂಜೆ. ಗಾಳಿ ಎದ್ದು, ನಾಲ್ಕು ಹನಿ ಬಿದ್ದು, ನಮ್ಮ ಕ್ಯಾಸಂಬಳ್ಳಿಯಲ್ಲಿ ಕರೆಂಟು ಹೋಯಿತು. ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಬಂದದ್ದು 1902ರಷ್ಟು ಹಿಂದೆ. ಆ ಗಣಿಯ ನೆರೆಯವರಾದ ನಾವು ಮಾತ್ರ ಗಾಳಿ ಬೀಸಿದರೆ ಇಂದಿಗೂ ಮೊದಲು ಮೇಣದಬತ್ತಿ ಎಲ್ಲಿದೆಯೆಂದು ನೋಡುತ್ತೇವೆ.

ಅರ್ಧ ಗಂಟೆಯ ಮೇಲೆ ಕರೆಂಟು ಬಂತು. ಟೊಮೆಟೊ ಮಂಡಿಯ ಲೆಕ್ಕ ಬರೆದಿಡೋಣವೆಂದು ಕಂಪ್ಯೂಟರ್ ಮುಂದೆ ಕುಳಿತೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ತಪ್ಪು ಎಂದಿತು. ನಿಧಾನವಾಗಿ ಮತ್ತೆ ಕೊಟ್ಟೆ. ಮತ್ತೆ ತಪ್ಪು. ಮೂರನೆಯ ಸಲ ಒಂದೊಂದು ಕೀಲಿಯನ್ನೂ ಗುದ್ದಿದೆ. ಗುದ್ದಿದರೆ ಸರಿಯಾಗುತ್ತದೆಂಬ ನಂಬಿಕೆ ನಮ್ಮ ತಲೆಮಾರಿಗೆ ಹಳೆಯ ರೇಡಿಯೋದಿಂದ ಬಂದದ್ದು. ಅದಕ್ಕೂ ಬಗ್ಗಲಿಲ್ಲ.

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿರುವ ಮಗಳಿಗಾಗಿ ಕೊಂಡ ಹಳೆಯ ಯಂತ್ರ ಅದು. ಪಾಸ್‌ವರ್ಡ್ ಇಟ್ಟವಳೂ ಅವಳೇ. ಈಗ ಬದಲಾಯಿಸಿದ್ದೇವೆ, ಆದ್ದರಿಂದ ಹೇಳಬಹುದು: ತಾತ ಎಂಬುದಕ್ಕೆ ಇಂಗ್ಲಿಷಿನ ಆರು ಅಕ್ಷರ, ಅದರ ಬೆನ್ನಿಗೆ 2001. ಆ ವರ್ಷದ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ನನ್ನ ಅಪ್ಪ ಮನೆಗೆ ಬಂದು ಕುಳಿತರು.

ಮಗಳನ್ನು ಕರೆದೆ. "ಪಾಸ್‌ವರ್ಡ್ ಬದಲಾಯಿಸಿದೀಯಾ?"

"ಇಲ್ಲಪ್ಪ."

"ಮತ್ತೆ ಇದ್ಯಾಕೆ ತಪ್ಪು ಅಂತಿದೆ?"

"ನಾನೊಂದು ಸಲ ಹೊಡೆದು ನೋಡ್ಲಾ?"

"ಬೇಡ, ಇನ್ನಷ್ಟು ಕೆಡಿಸಬೇಡ" ಎಂದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ನಮಗೆ ಕಾಣಬಾರದ್ದು ಒಳಗೆ ಏನಿಟ್ಟಿದೀಯ?" ಎಂದೂ ಕೇಳಿಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಒಳಗೆ ಹೋದಳು. ಮನೆಯವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿದಳು, ಅವಳೂ ಮಾತಾಡಲಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದ ಹುಡುಗನಿಗೆ ಫೋನು ಮಾಡಿದೆ. "ನಾಳೆ ತಗೊಂಡ್ ಬನ್ನಿ ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ. ಒಳಗಿರೋದೆಲ್ಲ ಹೋಗುತ್ತೆ. ಬೇಕಾದ್ದು ಬೇರೆ ಕಡೆ ಇಟ್ಟಿದೀರಲ್ಲ?" ಎಂದ. ಲೆಕ್ಕವೆಲ್ಲ ಪುಸ್ತಕದಲ್ಲೂ ಇದೆಯಲ್ಲ ಎಂದುಕೊಂಡು "ಹೂಂ" ಎಂದೆ.

ಬೆಳಿಗ್ಗೆ ವೈರುಗಳನ್ನು ಕಿತ್ತು, ಸಿಪಿಯು ಪೆಟ್ಟಿಗೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿಗೆ ಹೊರಟೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಫಾರ್ಮ್ಯಾಟ್ ಮಾಡಿದ್ರೆ ತಾತನ ಮಾತೂ ಹೋಗುತ್ತಪ್ಪ."

ನನಗೆ ಅದು ಮರೆತೇ ಹೋಗಿತ್ತು. 2020ರ ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದ್ದಾಗ ಅವಳು ತಾತನ ಪಕ್ಕ ಕುಳಿತು, ಅವರು ಗಣಿಯ ಕಥೆ ಹೇಳುವುದನ್ನು ಮೊಬೈಲಿನಲ್ಲಿ ಹಿಡಿದು ಈ ಯಂತ್ರಕ್ಕೆ ತುಂಬಿದ್ದಳು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ; ಅಲ್ಲಿಯ ಸೆಕೆ, ಅಲ್ಲಿಯ ಕತ್ತಲು, ಎಲ್ಲವನ್ನೂ ಅವರು ನಗುನಗುತ್ತಲೇ ಹೇಳಿದ್ದರು. ಆ ಮೊಬೈಲು ಹಾಳಾಗಿ ಎಷ್ಟೋ ಕಾಲವಾಯಿತು. ಅಪ್ಪನೂ ಈಗಿಲ್ಲ.

ಗಂಟು ಇಳಿಸಿದೆ. ಅವಳೇ ವೈರುಗಳನ್ನು ಜೋಡಿಸಿದಳು. ಪಾಸ್‌ವರ್ಡ್ ಕೇಳುವ ಪರದೆ ಬಂತು. ಅವಳು ಹೊಡೆದಳು. ಕಣ್ಣು ಮಿಟುಕಿಸುವುದರೊಳಗೆ ಬಾಗಿಲು ತೆರೆಯಿತು.

ನಾನು ಬೆಪ್ಪಾದೆ. ಅವಳೂ ಬೆಪ್ಪಾದಳು. ಆಮೇಲೆ ಯಂತ್ರವನ್ನು ಮತ್ತೆ ಆರಿಸಿ, ಹಚ್ಚಿ, "ಈಗ ನೀನು ಹೊಡಿ, ನಾನು ನೋಡ್ತೀನಿ" ಎಂದಳು. ಹೊಡೆದೆ. ತಪ್ಪು. ಇನ್ನೊಂದು ಸಲ ಹೊಡೆದಾಗ ಅವಳು ಪರದೆಯ ಮೇಲೆ ಬಿದ್ದ ಚುಕ್ಕಿಗಳನ್ನು ಎಣಿಸಿದಳು. ಹತ್ತು ಇರಬೇಕಾದಲ್ಲಿ ಆರೇ ಇದ್ದವು. ನನ್ನ ತಾತ ಒಳಗೆ ಹೋಗಿದ್ದ, 2001 ಹೊರಗೇ ಉಳಿದಿತ್ತು!

ಕಾರಣ ಇಷ್ಟೇ. ಅವಳು ಅಂಕಿಗಳನ್ನು ಕೀಲಿಮಣೆಯ ಮೇಲಿನ ಸಾಲಿನಲ್ಲಿ ಒತ್ತುತ್ತಾಳೆ. ನಾನು ಬಲಗಡೆಯ ಅಂಕಿ ಗುಂಪಿನಲ್ಲಿ. ಆ ಗುಂಪು ಅಂಕಿ ಬರೆಯಬೇಕಾದರೆ ನಮ್ ಲಾಕ್ ಎಂಬ ಕೀಲಿಯ ದೀಪ ಉರಿಯುತ್ತಿರಬೇಕು. ಆರಿದ್ದರೆ ಅವೇ ಕೀಲಿಗಳು ಕರ್ಸರನ್ನು ಅತ್ತಿತ್ತ ಸರಿಸುತ್ತವೆ, ಅಂಕಿ ಬರೆಯುವುದಿಲ್ಲ. ನಮ್ಮ ಯಂತ್ರ ಹೊಸದಾಗಿ ಏಳುವಾಗ ಆ ದೀಪ ಆರಿರುತ್ತದೆ. ದಿನಾ ಬೆಳಿಗ್ಗೆ ಯಂತ್ರ ಹಚ್ಚುವವಳು ಮಗಳು. ಲೆಕ್ಕದ ಪಾಠಕ್ಕೆ ಬೇಕೆಂದು ದೀಪವನ್ನೂ ಹಚ್ಚುತ್ತಿದ್ದಳು. ಸಂಜೆ ನಾನು ಕೂರುವ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತಿತ್ತು. ಆ ದಿನ ಕರೆಂಟು ಹೋಗಿ ಬಂದ ಮೇಲೆ ಮೊದಲು ಕುಳಿತವನು ನಾನು.

ನಿಮ್ಮ ಮನೆಯಲ್ಲೂ ಯಂತ್ರ ಹೀಗೆ ಹಟ ಹಿಡಿದರೆ, ಯಾರನ್ನಾದರೂ ಬೈಯುವ ಮೊದಲು ಕೆಲವನ್ನು ನೋಡಿ. ಪರದೆ ಪೂರ್ತಿ ಕಪ್ಪಾಗಿದ್ದರೆ ಅದು ಬೀಗದ ಮಾತಲ್ಲ. ಮಾನಿಟರಿನ ದೀಪ, ವೈರು ನೋಡಿ, ಮೌಸ್ ಅಲುಗಿಸಿ. ಪಾಸ್‌ವರ್ಡ್ ತಪ್ಪೆಂದರೆ ಕ್ಯಾಪ್ಸ್ ಲಾಕ್, ನಮ್ ಲಾಕ್ ದೀಪಗಳನ್ನು ನೋಡಿ. ಕನ್ನಡ ಕೀಲಿಮಣೆಯನ್ನೂ ಸೇರಿಸಿಕೊಂಡಿದ್ದರೆ ವಿಂಡೋಸಿನಲ್ಲಿ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಯಾವ ಭಾಷೆಯ ಗುರುತಿದೆ ನೋಡಿ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಬಾರ್ ಒತ್ತಿದರೆ ಅದು ಬದಲಾಗುತ್ತದೆ. ಪಾಸ್‌ವರ್ಡ್ ಬರೆಯುವ ಜಾಗದ ಕೊನೆಯಲ್ಲಿ ಕಣ್ಣಿನ ಚಿತ್ರವಿದ್ದರೆ ಅದನ್ನು ಒತ್ತಿ. ನೀವು ನಿಜಕ್ಕೂ ಏನು ಬರೆದಿದ್ದೀರಿ ಎಂಬುದು ಕಾಣುತ್ತದೆ. ನಾನು ಆ ಕಣ್ಣನ್ನು ಒತ್ತಿದ್ದರೆ ಮಗಳ ಕಣ್ಣು ಕೆಂಪಾಗುತ್ತಿರಲಿಲ್ಲ.

ನಿಜವಾಗಿಯೂ ಮರೆತಿದ್ದರೂ ಫಾರ್ಮ್ಯಾಟೊಂದೇ ದಾರಿಯಲ್ಲ. ಮೈಕ್ರೋಸಾಫ್ಟ್ ಖಾತೆಯಿದ್ದರೆ ಇನ್ನೊಂದು ಫೋನಿನಿಂದ ಪಾಸ್‌ವರ್ಡ್ ಬದಲಿಸಬಹುದು. ಯಂತ್ರದೊಳಗಿನ ಖಾತೆಯೇ ಆದರೆ, ಮೊದಲೇ ಬರೆದಿಟ್ಟ ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಒಳಗೆ ಹೋಗಬಹುದು. ಅದೂ ಇಲ್ಲವೆಂದರೆ ಹಾರ್ಡ್ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ತೆಗೆಯಬಹುದೇ ಎಂದು ರಿಪೇರಿಯವರನ್ನು ಕೇಳಿ. ಬಿಟ್‌ಲಾಕರ್ ಎಂಬ ರಕ್ಷಣೆ ಹಾಕಿದ್ದರೆ ಮಾತ್ರ ಅದರ 48 ಅಂಕಿಗಳ ಕೀಲಿ ಬೇಕೇ ಬೇಕು.

ಆ ದಿನದ ಸಿಟ್ಟಿನಲ್ಲಿ, ಈ ಬೀಗವೇ ಬೇಡ, ತೆಗೆದುಹಾಕು ಎಂದಿದ್ದೆ. ಮಗಳು ಒಪ್ಪಲಿಲ್ಲ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಕಟ್ಟಿದ ವ್ಯವಸ್ಥೆಯಲ್ಲಿ. ಅಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದರು; ಒಬ್ಬರ ಕಡತ ಒಬ್ಬರದೇ ಆಗಿರಲಿ ಎಂದು ಆ ಏರ್ಪಾಡು. ಕಳ್ಳರ ಭಯಕ್ಕಿಂತ ಮುಂಚೆ ಅದು ಜೊತೆಯಲ್ಲಿ ಬಾಳುವವರ ಮರ್ಯಾದೆ. ಈಗ ನಮ್ಮ ಯಂತ್ರದಲ್ಲೂ ಅವಳಿಗೊಂದು ಖಾತೆ, ನನಗೊಂದು ಖಾತೆ. ಅವಳ ಪಾಸ್‌ವರ್ಡ್ ನಾನು ಕೇಳಿಲ್ಲ. ಆಪತ್ತಿಗಿರಲಿ ಎಂದು ಅವಳೇ ಒಂದು ಚೀಟಿಯಲ್ಲಿ ಬರೆದು, ಅಂಟಿಸಿ, ಅವರಮ್ಮನ ಬೀರುವಿನಲ್ಲಿ ಇಟ್ಟಿದ್ದಾಳೆ. ತಾತನ ಮಾತುಗಳು ಈಗ ಎರಡು ಪೆನ್‌ಡ್ರೈವಿನಲ್ಲಿವೆ. ಒಂದು ನಮ್ಮಲ್ಲಿ, ಒಂದು ಬಂಗಾರಪೇಟೆಯ ನನ್ನ ತಂಗಿಯ ಮನೆಯಲ್ಲಿ.

ಬಾಗಿಲು ತೆರೆದ ಆ ಬೆಳಿಗ್ಗೆ ಮೂವರೂ ಕುಳಿತು ಅಪ್ಪನ ಮಾತು ಕೇಳಿದೆವು. ನಡುವೆ ಅವರು ಕೆಮ್ಮಿ, "ನೀರು ತಗೊಂಡ್ ಬಾರಮ್ಮ" ಎನ್ನುತ್ತಾರೆ. ಮಗಳು ಎದ್ದುಹೋಗುವ ಹೆಜ್ಜೆ ಸದ್ದೂ ಕೇಳುತ್ತದೆ. ಅದು ಮುಗಿದ ಮೇಲೆ "ತಪ್ಪಾಯ್ತು ಕಣಮ್ಮ" ಎಂದೆ. "ಬಿಡಪ್ಪ" ಎಂದಳು.

ಮೊನ್ನೆ ಮತ್ತೆ ಗಾಳಿ ಎದ್ದಿತು, ಕರೆಂಟು ಹೋಗಿ ಬಂತು. ಯಂತ್ರ ಹಚ್ಚಿ ಕುಳಿತೆ. ಪಾಸ್‌ವರ್ಡ್ ಹೊಡೆಯುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು: "ಅಪ್ಪಾ, ದೀಪ ನೋಡಿದ್ಯಾ?"