ನಾಲ್ಕು ಹನಿ ಆಯಿಲ್

ಸಾಗರ ರಸ್ತೆಯ ತ್ಯಾವರೆಕೊಪ್ಪ ಎಂದರೆ ಹೊರಗಿನವರಿಗೆ ಹುಲಿ-ಸಿಂಹಧಾಮ. ಇಲ್ಲಿನ ಪಾಲಕರಿಗೆ ಬೆಳಗಾದರೆ ಮಕ್ಕಳನ್ನು ಶಿವಮೊಗ್ಗದ ಶಾಲೆಗೊಯ್ಯುವ ವ್ಯಾನಿನದೇ ಚಿಂತೆ. ಕಳೆದ ಮಳೆಗಾಲದ ಹೊತ್ತಿಗೆ ಆ ವ್ಯಾನು ನಿಂತಲ್ಲೆಲ್ಲ ಆಯಿಲ್ ಕಲೆ ಬೀಳತೊಡಗಿತ್ತು. "ನಾಲ್ಕು ಹನಿ ತಾನೇ ಮೇಷ್ಟ್ರೇ, ಆಗಾಗ ತುಂಬಿಸಿಕೊಂಡು ಓಡಿಸಿದರಾಯ್ತು" ಎಂದ ಚಾಲಕ.

ನಾಲ್ಕು ಹನಿ ನಿಂತಾಗಿನ ಲೆಕ್ಕ. ಎಂಜಿನ್ ಓಡುವಾಗ ಪಂಪು ಆಯಿಲನ್ನು ಒತ್ತಡದಿಂದ ನೂಕುತ್ತದೆ. ಅದೇ ಬಿರುಕಿನಿಂದ ಆಗ ಇನ್ನಷ್ಟು ಸೋರುತ್ತದೆ. ಜೋನಿಬೆಲ್ಲ ಕಾದರೆ ನೀರಾಗುವುದನ್ನು ನಮ್ಮ ಮಲೆನಾಡಿನ ಮಕ್ಕಳು ನೋಡಿದ್ದಾರೆ. ಆಯಿಲ್ ಕೂಡ ಹಾಗೆಯೇ. ಅತಿಯಾಗಿ ಕಾದರೆ ಅದರ ಸ್ನಿಗ್ಧತೆ ಕುಗ್ಗಿ, ಲೋಹಗಳ ನಡುವಿನ ತೆಳುಪೊರೆ ಹರಿಯುತ್ತದೆ. ಅದನ್ನು ತಡೆಯಲೆಂದೇ ಆಯಿಲ್ ಕೂಲರ್ ಇರುವುದು. ಆಯಿಲೇ ಬರಿದಾದರೆ ಎಂಜಿನ್ ನಡುದಾರಿಯಲ್ಲಿ ಸೀಜ್ ಆಗುತ್ತದೆ, ಒಳಗೆ ಮಕ್ಕಳಿರುವಾಗಲೇ.

ಪಾಲಕರೆಲ್ಲ ಒತ್ತಾಯಿಸಿದ ಮೇಲೆ ವ್ಯಾನು ಗ್ಯಾರೇಜಿಗೆ ಹೋಯಿತು. ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ ಕೂಲರ್ ಜೊತೆಗೆ ಎರಡೂ ಹೋಸ್ ಪೈಪುಗಳನ್ನು ಬಿಚ್ಚಿದ. "ಪೈಪೂ ಹೊಸದು ಬೇಕೇ?" ಎಂದೆ. ಹಳೆಯದನ್ನು ಬಗ್ಗಿಸಿ ತೋರಿಸಿದ: ರಬ್ಬರಿನ ತುಂಬ ಬಿರುಕು. ಕೂಲರಿನ ಮೂತಿ ತಿರುಚದಂತೆ ಒಂದು ಸ್ಪ್ಯಾನರಿನಿಂದ ಹಿಡಿದು, ಇನ್ನೊಂದರಿಂದ ನಟ್ಟು ಬಿಗಿದ. ವಾಷರುಗಳೂ ಹೊಸವು. ಎಂಜಿನ್ ಓಡಿಸಿ, ಟಾರ್ಚು ಹಾಕಿ ಕೀಲುಗಳನ್ನೆಲ್ಲ ನೋಡಿದ. ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದರೆ ಮಟ್ಟ ಇಳಿದಿತ್ತು. ಖಾಲಿ ಕೂಲರ್ ತನ್ನ ಪಾಲು ಕುಡಿದಿತ್ತು. ಮತ್ತೆ ತುಂಬಿಸಿದ.

ಪಾಲಕರೇ, ಅಂಕಪಟ್ಟಿ ನೋಡುವಷ್ಟೇ ಶ್ರದ್ಧೆಯಿಂದ ವ್ಯಾನು ನಿಂತ ಜಾಗವನ್ನೂ ನೋಡಿ. ಕಲೆ ಕಂಡರೆ ಚಾಲಕನನ್ನು ಅಂದೇ ಕೇಳಿ.