ಮೊದಲು ಪೆನ್ಸಿಲು, ಆಮೇಲೆ ಗಣಕಯಂತ್ರ

ಮೊಬೈಲಿನ ಆ್ಯಪ್ ಮಾಡುವವರು ಮೊದಲು ಒಂದು ನಕ್ಷೆ ಬರೆಯುತ್ತಾರೆ. ಯಾವ ಗುಂಡಿ ಎಲ್ಲಿರಬೇಕು, ಅದನ್ನು ಒತ್ತಿದರೆ ಯಾವ ಪುಟ ತೆರೆಯಬೇಕು ಎಂದು ತೋರಿಸುವ, ಬಣ್ಣವಿಲ್ಲದ ಈ ಕರಡಿಗೆ ‘ವೈರ್‌ಫ್ರೇಮ್’ ಎಂದು ಹೆಸರು.

ನಮ್ಮ ಮಕ್ಕಳು ಗ್ರಂಥಾಲಯಕ್ಕೊಂದು ಆ್ಯಪ್ ಮಾಡಹೊರಟು, ಯಾವ ಸಾಧನ ಒಳ್ಳೆಯದೆಂದು ಕೇಳಿದರು. ಕನ್ನಡ ಮಾಸ್ತರರಿಗೇಕೆ ಈ ಉಸಾಬರಿ ಎನ್ನಬೇಡಿ. ಕರಡು ತಿದ್ದುವುದು ನನ್ನ ಕಸುಬೇ ಅಲ್ಲವೇ?

ಪೆನ್ಸಿಲು, ಕಾಗದ ಎಂದೆ. ಅಳಿಸಲು ಯಾರಿಗೂ ಬೇಸರವಾಗದು. 1996ರಲ್ಲಿ ಬಂದ ‘ಪಾಮ್ ಪೈಲಟ್’ ಎಂಬ ಅಂಗೈ ಗಣಕವನ್ನು ರೂಪಿಸಿದ ಜೆಫ್ ಹಾಕಿನ್ಸ್, ಮೊದಲು ಅದೇ ಗಾತ್ರದ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು, ಕಡ್ಡಿಯಿಂದ ಅದರ ಮೇಲೆ ಬರೆದಂತೆ ಮಾಡಿ ನೋಡುತ್ತಿದ್ದರು. 2008ರ ‘ಬಾಲ್ಸಮಿಕ್’ ತಂತ್ರಾಂಶ ಬೇಕೆಂದೇ ಕೈಯಲ್ಲಿ ಎಳೆದಂಥ ಗೆರೆ ಮೂಡಿಸುತ್ತದೆ. ಚಿತ್ರ ತೀರ ಚೆಂದವಾದರೆ ನೋಡಿದವರು ಬಣ್ಣದ ಮಾತಾಡುತ್ತಾರೆ, ತಪ್ಪಿದ ದಾರಿಯ ಮಾತಾಡುವುದಿಲ್ಲ. ಬೇರೆ ಬೇರೆ ಊರಿನಲ್ಲಿದ್ದವರು ಕೂಡಿ ತಿದ್ದುವಾಗ ‘ಫಿಗ್ಮಾ’ ಅಥವಾ ಮುಕ್ತ ತಂತ್ರಾಂಶ ‘ಪೆನ್‌ಪಾಟ್’ ಅನುಕೂಲ.

ಗಡಿನಾಡಿನ ನಮಗೆ ಇನ್ನೊಂದು ಪರೀಕ್ಷೆಯಿದೆ. ಮಲಯಾಳದ ಅರ್ಜಿ ಓದಲಾಗದೆ ಕಚೇರಿಯ ಕಿಟಕಿಯ ಮುಂದೆ ತಡವರಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ನಿಮ್ಮ ಆ್ಯಪ್ ಅವರನ್ನು ಹಾಗೆ ನಿಲ್ಲಿಸಬಾರದು. ಆದ್ದರಿಂದ ಗುಂಡಿಗಳ ಮೇಲೆ ಮೊದಲ ದಿನವೇ ಕನ್ನಡ ಬರೆಯಿರಿ. ಇಂಗ್ಲಿಷಿನ ಅಳತೆಗೆ ಎಳೆದ ಪೆಟ್ಟಿಗೆಯಲ್ಲಿ ‘ಪುಸ್ತಕ’ದ ಒತ್ತಕ್ಷರ ತುಂಡಾದೀತು. ಕನ್ನಡವನ್ನು ಸರಿಯಾಗಿ ಮೂಡಿಸದ ಸಾಧನ ನಮಗೆ ಬೇಡ.

ಕರಡನ್ನು ಮನೆಯ ಹಿರಿಯರ ಮುಂದಿಟ್ಟು, “ಪುಸ್ತಕ ಹುಡುಕಲು ಎಲ್ಲಿ ಒತ್ತುವಿರಿ?” ಎಂದಷ್ಟೇ ಕೇಳಿ ಸುಮ್ಮನಿರಿ. ಅವರ ಬೆರಳು ಅನುಮಾನಿಸಿದ ಕಡೆ ನಿಮ್ಮ ರಬ್ಬರು ಓಡಲಿ.